ಚೀಲಕ್ಕೆ 25 ಲೀಟರ್: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಭಾನುವಾರ ನೀನು ಮನೆ ಕಟ್ಟಿಸುತ್ತಿರುವ ಸೈಟಿನಲ್ಲಿ ನಡೆದದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನೇನೆಂದೆ, ನೀನೇನೆಂದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿದೆ. ಅದು ನಿನ್ನ ಮೇಸ್ತ್ರಿಗೂ ಅವರ ಹುಡುಗರಿಗೂ ಗೊತ್ತಾಗುವಂತೆ ಮಾಡಿದವಳು ನಾನೇ. ಕೆಲಸದವರ ಎದುರು ನಿನ್ನ ಮಾತನ್ನು ಅರ್ಧಕ್ಕೇ ತಡೆದು, ನೀನು ಅಲ್ಲಿಯೇ ನಿಂತಿರುವಾಗ, ಕಂಬಿಯ ಕೆಳಗಿನ ಜಲ್ಲಿ ಚೂರು ತೆಗೆಸಿ ಕಂಬಿ ಎತ್ತಿಸಿ ಎಂದು ನಾನು ಅಪ್ಪಣೆ ಕೊಟ್ಟದ್ದು ತಪ್ಪು. ‘ಹೇಳಿದ ವಿಷಯ ಸರಿಯಾಗಿತ್ತು, ಹೇಳಿದ ರೀತಿ ಮಾತ್ರ ತಪ್ಪಾಯಿತು’ ಎಂದು ಮೊದಲು ಬರೆದಿದ್ದೆ. ಅದನ್ನು ಓದಿದ ನಿನ್ನ ಅಪ್ಪ, ಇದು ಕ್ಷಮೆ ಕೇಳಿದಂತಿಲ್ಲ, ಇನ್ನೊಂದು ಜಗಳ ತೆಗೆದಂತಿದೆ ಎಂದರು. ಆದ್ದರಿಂದ ಆ ಹಾಳೆಯನ್ನು ಹರಿದು ಹಾಕಿ, ತಪ್ಪು ಎಂದಷ್ಟೇ ಬರೆದಿದ್ದೇನೆ. ಇಲ್ಲಿಂದ ಮುಂದಿನದನ್ನು ನಾನು ಅವರಿಗೆ ತೋರಿಸಿಲ್ಲ.

ಪತ್ರಕ್ಕೆ ಕಾರಣ ಆ ಜಗಳವಲ್ಲ. ಬುಧವಾರ ಬೆಳಿಗ್ಗೆ ನಿನ್ನ ಹಳೆಯ ಕೋಣೆಯ ಮೇಲ್ಛಾವಣಿಯಿಂದ ದೊಡ್ಡದೊಂದು ಹಕ್ಕಳೆ ಕಳಚಿ, ನೀನು ಓದುತ್ತಿದ್ದ ಮೇಜಿನ ಮೇಲೆಯೇ ಬಿತ್ತು. ಗಾರೆ ಮಾತ್ರ ಬಿದ್ದಿದ್ದರೆ ನಿನಗೆ ತಿಳಿಸುತ್ತಲೂ ಇರಲಿಲ್ಲ. ಅದರೊಡನೆ ಬೆರಳು ದಪ್ಪದ ಕಾಂಕ್ರೀಟೂ ಬಂದಿತ್ತು, ಮೇಲೆ ನೋಡಿದರೆ ಕಂಬಿ ಕಾಣುತ್ತಿತ್ತು. ಗುರುವಾರ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದೆವು. ಅವರು ಏಣಿ ಹತ್ತಿ, ಕಿಟಕಿಯ ಮೂಲೆಯಿಂದ ಆರಂಭಿಸಿ, ಚಿಕ್ಕ ಸುತ್ತಿಗೆಯಿಂದ ಒಂದೊಂದು ಅಡಿಗೂ ಬಡಿಯುತ್ತಾ ಹೋದರು. ಗಟ್ಟಿಯಾಗಿರುವ ಕಡೆ ಸುತ್ತಿಗೆ ಠಣ್ಣೆನ್ನುತ್ತದೆ, ಒಳಗೆ ಪದರ ಬಿಟ್ಟಿರುವ ಕಡೆ ಡಬ್ಬ ಬಡಿದಂತೆ ಕೇಳಿಸುತ್ತದೆ. ಡಬ್ಬದ ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರು. ಅರ್ಧ ಗಂಟೆಯ ನಂತರ ಗುರುತಿಲ್ಲದ ಜಾಗವನ್ನೇ ಹುಡುಕಬೇಕಾಯಿತು. ಆ ಕೋಣೆಯ ಸ್ಲ್ಯಾಬನ್ನು ತೆಗೆದು ಹೊಸದಾಗಿ ಹಾಕಬೇಕಂತೆ. ಉಳಿದ ಭಾಗಕ್ಕೆ ಸದ್ಯಕ್ಕೆ ಭಯವಿಲ್ಲವಂತೆ. ಇಳಿದು ಕೈ ತೊಳೆಯುತ್ತಾ ಅವರು ಕೇಳಿದ ಒಂದೇ ಪ್ರಶ್ನೆ ಇದು: ‘ಮೋಲ್ಡ್ ಹಾಕುವಾಗ ಈ ಭಾಗಕ್ಕೆ ನೀರು ಜಾಸ್ತಿ ಆಗಿತ್ತಾ?’ ನಿನ್ನ ಅಪ್ಪ, ಆವತ್ತು ನಾನಿರಲಿಲ್ಲ ಎಂದು ನನ್ನ ಕಡೆ ನೋಡಿದರು. ನನಗೆ ನೆನಪಿಲ್ಲ ಎಂದೆ.

ಅದು ಸುಳ್ಳು. ನನಗೆ ನೆನಪಿರುವಷ್ಟು ಚೆನ್ನಾಗಿ ಆ ಸಂಜೆ ಇನ್ನಾರಿಗೂ ನೆನಪಿರಲಾರದು.

ಆಗ ನಿನಗೆ ನಾಲ್ಕು ವರ್ಷ. ಅಪ್ಪ ಕೆಲಸದ ಮೇಲೆ ಹೊರಗೆ ಹೋಗಬೇಕಾಗಿ ಬಂದದ್ದರಿಂದ ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ನಿನ್ನನ್ನು ಪಕ್ಕದ ಮನೆಯವರ ಬಳಿ ಬಿಟ್ಟು ಬೆಳಗಿನ ಆರೂವರೆಗೆಲ್ಲ ನಾನು ಸೈಟಿನಲ್ಲಿದ್ದೆ. ಎಂಜಿನಿಯರ್ ಹಿಂದಿನ ದಿನವೇ ಬಂದು ಕಂಬಿ ನೋಡಿ, ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಕೊಟ್ಟಿದ್ದರು. ಮೊದಲನೆಯ ಸಾಲು, ‘ಚೀಲಕ್ಕೆ 25 ಲೀಟರ್, ಹೆಚ್ಚಿಲ್ಲ.’ ಅದರ ಕೆಳಗೆ ಎರಡು ಗೆರೆ. ನಾನು ಮಿಕ್ಸರಿನ ಪಕ್ಕದಲ್ಲಿ ಒಂದು ಬಕೆಟ್ ಇಟ್ಟುಕೊಂಡು, ಚೀಲಕ್ಕೆ ಎರಡೇ ಬಕೆಟ್ ಎಂದು ಎಣಿಸಿ, ಪ್ರತಿ ಚೀಲಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕುತ್ತಾ ನಿಂತಿದ್ದೆ. ಹುಡುಗರು ನನ್ನನ್ನು ನೋಡಿ ನಗುತ್ತಿದ್ದರು, ಆದರೆ ಎರಡೇ ಬಕೆಟ್ ಹಾಕುತ್ತಿದ್ದರು.

ಮೂರು ಗಂಟೆಯ ಹೊತ್ತಿಗೆ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಕೆಟ್ಟು ನಿಂತಿತು. ಇನ್ನೊಂದು ಇರಲಿಲ್ಲ. ಉಳಿದದ್ದು ಒಂದೇ ಕೋಣೆ, ನಿನ್ನದು. ವೈಬ್ರೇಟರಿಲ್ಲದೆ ಗಟ್ಟಿ ಕಲಸು ಕಂಬಿಗಳ ನಡುವೆ ಇಳಿಯುತ್ತಿರಲಿಲ್ಲ. ಕೋಲಿನಿಂದ ಚುಚ್ಚಿ ಚುಚ್ಚಿ ಹುಡುಗರ ತೋಳು ಸೋತಿತ್ತು, ಆಕಾಶ ಕವಿಯುತ್ತಿತ್ತು. ಮೇಸ್ತ್ರಿ ಮಿಕ್ಸರಿನ ಬಳಿಗೆ ಬಂದು, ನೀರಿನ ಪೈಪನ್ನು ಕೈಗೆತ್ತಿಕೊಂಡು, ‘ಅಮ್ಮಾವ್ರೇ, ಸ್ವಲ್ಪ ನೀರು ಬಿಟ್ರೆ ತಾನೇ ಹರಿದು ಕೂತ್ಕೊಳ್ಳುತ್ತೆ, ನಾವು ಮಾಡಿರೋ ಮನೆಗಳೆಲ್ಲ ಹಿಂಗೇ’ ಎಂದರು. ದನಿಯಲ್ಲಿ ಒರಟುತನವಿರಲಿಲ್ಲ; ಸಣ್ಣ ಮಗುವಿಗೆ ತಿಳಿಹೇಳುವ ಹಾಗಿತ್ತು. ನಾನು ಬೇಡವೆನ್ನಲು ಕೈ ಎತ್ತಿದೆ. ಎಲ್ಲರೂ ನನ್ನ ಕಡೆ ನೋಡಿದರು. ಎತ್ತಿದ ಕೈಯಿಂದಲೇ ನಾನು ಮುಂಗುರುಳು ಸರಿಮಾಡಿಕೊಂಡೆ.

ಆ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಐದೈದರ ಕಟ್ಟು ಕಟ್ಟಿದ ಗೀಟುಗಳು 63ಕ್ಕೆ ನಿಲ್ಲುತ್ತವೆ. ಅದರ ನಂತರವೂ ಚೀಲಗಳು ಬಂದವು, ನಾನು ಬರೆಯಲಿಲ್ಲ. ಕಲಸು ಮಿಕ್ಸರಿನಿಂದ ಗಂಜಿಯಂತೆ ಸುರಿದು, ಸಲೀಸಾಗಿ ಹರಿದು, ನೋಡನೋಡುತ್ತಲೇ ಮಟ್ಟವಾಯಿತು. ಎರಡು ದಿನದ ನಂತರ ಬಂದ ನಿನ್ನ ಅಪ್ಪ ಇಡೀ ಸ್ಲ್ಯಾಬಿನ ಮೇಲೆ ನಡೆದಾಡಿ, ನಿನ್ನ ಕೋಣೆಯ ಮೇಲೆ ನಿಂತು, ‘ಈ ಭಾಗ ಎಷ್ಟು ನುಣುಪಾಗಿ ಬಂದಿದೆ ನೋಡು’ ಎಂದರು. ನೀರು ಹೆಚ್ಚಾದಾಗ ಸಿಮೆಂಟಿನ ತಿಳಿಹಾಲು ಮೇಲಕ್ಕೆ ತೇಲಿ ಬಂದು ಕೂಡುವುದರಿಂದ ಆ ನುಣುಪು ಬರುತ್ತದೆಂದು ನನಗೂ ಆಗ ತಿಳಿದಿರಲಿಲ್ಲ. ಮುಂದಿನ ವರ್ಷವೇ ಅಲ್ಲಿ ಕಾಲಿಗೆ ಬೂದಿಯಂಥ ಪುಡಿ ಹತ್ತತೊಡಗಿತು. ಮಳೆಗಾಲದಲ್ಲಿ ನಿನ್ನ ಹಾಸಿಗೆಯ ಪಕ್ಕದಲ್ಲಿ ಇಡುತ್ತಿದ್ದ ಪಾತ್ರೆಯ ವಿಷಯ ನಿನಗೇ ಚೆನ್ನಾಗಿ ಗೊತ್ತು.

ಚೀಟಿಯ ಆ ಸಾಲಿನ ಹಿಂದಿನ ಕಾರಣವನ್ನು ನಾನು ಹುಡುಕಿ ಓದಿದ್ದು ಮನೆ ಸೋರತೊಡಗಿದ ಮೇಲೆ. ಅಮೆರಿಕದಲ್ಲಿ ಡಫ್ ಏಬ್ರಮ್ಸ್ ಎಂಬ ಸಂಶೋಧಕ ಬಹಳಷ್ಟು ಕಾಂಕ್ರೀಟ್ ಮಾದರಿಗಳನ್ನು ಒಡೆದು ನೋಡಿ, ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ಸಿಮೆಂಟಿಗೂ ನೀರಿಗೂ ಇರುವ ಪ್ರಮಾಣವೇ ಎಂದು 1918ರಲ್ಲಿಯೇ ಪ್ರಕಟಿಸಿದ್ದರು. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ. ಆ ಕೂಡುವಿಕೆಗೆ ಬೇಕಾಗುವ ನೀರು ಸಿಮೆಂಟಿನ ತೂಕದ ಕಾಲು ಭಾಗದಷ್ಟೇ. ಹರಳುಗಳ ನಡುವೆ ಹಿಡಿದಿರುವ ನೀರನ್ನೂ ಸೇರಿಸಿದರೆ ಶೇಕಡ 40ರ ಹತ್ತಿರ. 50 ಕಿಲೋ ಚೀಲಕ್ಕೆ 25 ಲೀಟರ್ ಎಂದರೆ ಶೇಕಡ 50, ಅಂದರೆ ಕಲಸಲು ಅನುಕೂಲವಾಗಲೆಂದು ಆಗಲೇ ಒಂದಿಷ್ಟು ಹೆಚ್ಚು ಕೊಟ್ಟಿರುತ್ತಾರೆ. ಅದಕ್ಕೂ ಮೇಲೆ ಪೈಪಿನಿಂದ ಬಿಟ್ಟ ನೀರಿಗೆ ಕಾಂಕ್ರೀಟಿನಲ್ಲಿ ಮಾಡಲು ಕೆಲಸವೇ ಇಲ್ಲ. ಅದು ಕ್ರಮೇಣ ಆವಿಯಾಗಿ ಹೋಗಿ, ತಾನಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯಂಥ ದಾರಿಗಳನ್ನು ಬಿಟ್ಟಿರುತ್ತದೆ. ಆ ದಾರಿಗಳಲ್ಲಿ ಮಳೆಯ ನೀರೂ ಗಾಳಿಯೂ ಒಳಗೆ ಇಳಿಯುತ್ತವೆ. ಒಳ್ಳೆಯ ಕಾಂಕ್ರೀಟಿನೊಳಗಿನ ಕ್ಷಾರ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಆ ಕ್ಷಾರವನ್ನು ಕಳೆದ ಮೇಲೆ ಕಂಬಿಗೆ ಕಾವಲಿಲ್ಲ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು, ಅದು ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಕೆಳಗೆ ತಳ್ಳುತ್ತದೆ. ಬುಧವಾರ ನಿನ್ನ ಮೇಜಿನ ಮೇಲೆ ಬಿದ್ದದ್ದು ಅಂದಿನ ಆ ಪೈಪಿನ ನೀರು.

ಮೇಸ್ತ್ರಿಯನ್ನು ದೂರಲು ನನಗೆ ಮನಸ್ಸಿಲ್ಲ. ಕಲಸು ಗಟ್ಟಿಯಾಗಿದ್ದರೆ ಕಂಬಿಯ ಕೆಳಗೆ ಇಳಿಯದೆ ಜೇನುಗೂಡಿನಂತೆ ಪೊಳ್ಳು ಉಳಿಯುತ್ತದೆ ಎಂಬ ಅವರ ಭಯ ನಿಜವಾದದ್ದೇ, ಮದ್ದು ಮಾತ್ರ ತಪ್ಪು. ಕಲಸು ಸಡಿಲವಾಗಬೇಕಿದ್ದರೆ ನೀರು ಹೆಚ್ಚಿಸದೆಯೇ ಕಲಸನ್ನು ಸಡಿಲಿಸುವ ಪ್ಲಾಸ್ಟಿಸೈಸರನ್ನು ಎಂಜಿನಿಯರ್ ಹೇಳಿದ ಪ್ರಮಾಣದಲ್ಲಿ ಸೇರಿಸಬೇಕು, ಇಲ್ಲವೇ ನೀರಿನೊಡನೆ ಸಿಮೆಂಟನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸಬೇಕು. ಇದಾವುದೂ ಗೊತ್ತಿಲ್ಲದಿದ್ದರೂ ನಾನು ಒಂದು ಮಾತನ್ನಂತೂ ಆಡಬಹುದಾಗಿತ್ತು: ‘ಇವತ್ತಿಗೆ ನಿಲ್ಲಿಸಿ.’ ನಡುವೆ ನಿಲ್ಲಿಸುವುದಾದರೆ ಎಲ್ಲಿ ನಿಲ್ಲಿಸಬೇಕು, ಮಾರನೆಯ ದಿನ ಆ ಅಂಚನ್ನು ಹೇಗೆ ಕೆರೆದು ತೊಳೆದು ಮುಂದುವರಿಸಬೇಕು ಎಂಬುದು ಎಂಜಿನಿಯರಿಗೆ ಒಂದು ಫೋನ್ ಮಾಡಿದ್ದರೆ ತಿಳಿಯುತ್ತಿತ್ತು. ನಿಲ್ಲಿಸಬಹುದು ಎಂಬುದೇ ನನ್ನ ತಲೆಗೆ ಬರಲಿಲ್ಲ. ಶುರು ಮಾಡಿದ ಸ್ಲ್ಯಾಬನ್ನು ಆವತ್ತೇ ಮುಗಿಸಲೇಬೇಕು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಎಲ್ಲರಲ್ಲಿ ಒಬ್ಬಳಾದೆ.

ಇನ್ನು ಒಂಬತ್ತು ದಿನಕ್ಕೆ ನಿನ್ನ ಮನೆಯ ಮೋಲ್ಡ್. ಅಲ್ಲಿ ವೈಬ್ರೇಟರ್ ಎರಡಿರಲಿ. ಒಂದು ಕೆಟ್ಟರೆ ಇನ್ನೊಂದಿದೆ ಎಂದು ಮೇಸ್ತ್ರಿ ಬಾಯಲ್ಲಿ ಹೇಳಿದರೆ ನಂಬಬೇಡ. ಎರಡನ್ನೂ ಹಿಂದಿನ ಸಂಜೆ ನಿನ್ನ ಎದುರಿಗೇ ಓಡಿಸಿ ತೋರಿಸಲಿ. ವೈಬ್ರೇಟರಿನ ಸೂಜಿಯನ್ನು ಕಾಂಕ್ರೀಟಿನೊಳಗೆ ನೆಟ್ಟಗೆ ಇಳಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ, ಸಾಮಾನ್ಯವಾಗಿ 5ರಿಂದ 15 ಸೆಕೆಂಡ್ ಹಿಡಿದು, ನಿಧಾನವಾಗಿ ಮೇಲೆತ್ತಬೇಕು. ಗುಡ್ಡೆ ಬಿದ್ದ ಕಾಂಕ್ರೀಟನ್ನು ಅತ್ತಿತ್ತ ತಳ್ಳಲು ಅದನ್ನು ಬಳಸಿದರೆ ಜಲ್ಲಿ ಒಂದು ಕಡೆ, ಹಾಲು ಒಂದು ಕಡೆ ಆಗುತ್ತದೆ. ಕತ್ತಲಾದರೆಂದು ದೀಪ, ಮಳೆ ಬಂದರೆಂದು ಟಾರ್ಪಾಲು ಮೊದಲೇ ಸೈಟಿನಲ್ಲಿರಲಿ. ಬೇಗ ಮುಗಿಸಬೇಕೆಂಬ ಆತುರ ಹುಟ್ಟುವುದೇ ಇವು ಇಲ್ಲದ ಕಡೆ.

ಮರಳು ಒದ್ದೆಯಾಗಿದ್ದರೆ 25 ಲೀಟರಿನ ಲೆಕ್ಕವೂ ಬದಲಾಗುತ್ತದೆ, ಇದನ್ನು ಆ ಚೀಟಿಯಲ್ಲಿ ಬರೆದಿರಲಿಲ್ಲ. ಒಂದು ಚೀಲ ಸಿಮೆಂಟಿಗೆ ಸುಮಾರು 80 ಕಿಲೋ ಮರಳು ಬೀಳುತ್ತದೆಂದುಕೊ; ಅದರಲ್ಲಿ ಶೇಕಡ 5 ತೇವವಿದ್ದರೂ ನಾಲ್ಕು ಲೀಟರ್ ನೀರು ಮರಳಿನ ಮರೆಯಲ್ಲೇ ಬಂದಿರುತ್ತದೆ. ಅಷ್ಟನ್ನು ಬಕೆಟ್ಟಿನಿಂದ ಕಳೆಯಬೇಕು. ಅದೇ ತೇವ ಮರಳನ್ನು ಉಬ್ಬಿಸುವುದರಿಂದ ಪೆಟ್ಟಿಗೆಯಲ್ಲಿ ಅಳೆದ ಮರಳು ತುಂಬಿದಂತೆ ಕಂಡರೂ ನಿಜವಾಗಿ ಕಡಿಮೆಯಿರುತ್ತದೆ. ಹಾಗಾಗಿ ನಿನ್ನ ಎಂಜಿನಿಯರ್ ಬೆಳಿಗ್ಗೆಯೇ ಬಂದು ಮರಳನ್ನು ನೋಡಿ ಲೆಕ್ಕ ಹೇಳಲಿ. ಕಲಸು ಹೇಗಿದೆ ಎಂದು ನೋಡಲು ತಗಡಿನ ಕೋನ್ ಒಂದಿರುತ್ತದೆ, 300 ಮಿಲಿಮೀಟರ್ ಎತ್ತರದ್ದು; ಅದರಲ್ಲಿ ಕಲಸನ್ನು ಮೂರು ಪದರವಾಗಿ ತುಂಬಿ, ಪದರಕ್ಕೆ 25 ಸಲ ಸರಳಿನಿಂದ ಕುಟ್ಟಿ, ಕೋನನ್ನು ಮೇಲೆತ್ತಿದರೆ ರಾಶಿ ಎಷ್ಟು ಕುಸಿಯಿತೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಸ್ಲ್ಯಾಬಿಗೆ 75ರಿಂದ 100 ಮಿಲಿಮೀಟರ್ ಕುಸಿದರೆ ಸಾಮಾನ್ಯವಾಗಿ ಸರಿ. ನನ್ನ ಕೈಯಲ್ಲಿ ಆವತ್ತು ಆ ಕೋನ್ ಇದ್ದಿದ್ದರೆ ಮಾತೇ ಆಡಬೇಕಾಗಿರಲಿಲ್ಲ, ರಾಶಿಯ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ಇಷ್ಟು ವರ್ಷದ ನಂತರವೂ ನಾನು ಆ ಮಿಕ್ಸರಿನ ಪಕ್ಕದಲ್ಲೇ ನಿಂತು ಬೇರೆ ಬೇರೆ ಉತ್ತರ ಹುಡುಕುತ್ತಿರುತ್ತೇನೆ.

ಉಪದೇಶ ಮಾಡುವುದಿಲ್ಲ ಎಂದುಕೊಂಡೇ ಪೆನ್ನು ಹಿಡಿದಿದ್ದೆ. ಅದರಲ್ಲೂ ನಿನಗೆ ಹೇಳುವುದಕ್ಕೆ ನನಗೆ ಅರ್ಹತೆ ಎಷ್ಟಿದೆಯೋ ತಿಳಿಯದು. ಗುಂಡಿ ತೋಡಿಸಿ ಮಣ್ಣಿನ ಪರೀಕ್ಷೆ ಮಾಡಿಸುತ್ತೇನೆಂದು ನೀನು ಹಠ ಹಿಡಿದಾಗ, ಒಂದು ಸಣ್ಣ ಮನೆಗೆ ಅದೆಲ್ಲ ಏಕೆ ಎಂದು ನಕ್ಕವರಲ್ಲಿ ನಾನೂ ಇದ್ದೆ. ಈಶಾನ್ಯದ ಮೂಲೆಯಲ್ಲಿ ಯಾರೋ ಹಿಂದೆ ತುಂಬಿದ್ದ ಸಡಿಲ ಮಣ್ಣು ಸಿಕ್ಕಿ, ಅಲ್ಲಿ ಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ಆಳಕ್ಕೆ ಇಳಿಸಬೇಕಾಗಿ ಬಂದಾಗ ನಿನ್ನ ಅಪ್ಪ ಆ ಸುದ್ದಿಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ನಾನು ಯಾರಿಗೂ ಹೇಳಲಿಲ್ಲ, ಆದರೆ ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ, ಸಂತೋಷದಿಂದ. ಪಾಯದ ಗುರುತು ಹಾಕಿದ ದಿನ ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, ಎರಡೂ ಕರ್ಣ ಅಳೆದು, ಒಂದು ಇಂಚಿನ ವ್ಯತ್ಯಾಸಕ್ಕೆ ಎಲ್ಲ ಗೂಟಗಳನ್ನೂ ಮತ್ತೆ ಹೊಡೆಸಿದೆಯಲ್ಲ, ನಿನ್ನ ವಯಸ್ಸಿನಲ್ಲಿ ನಾನು ಹಾಗೆ ಹೇಳಲಾರದೆ ಹೋದೆ. ಮರಳನ್ನು ಗಾಜಿನ ಬಾಟಲಿಯಲ್ಲಿ ಉಪ್ಪುನೀರಿನೊಡನೆ ಕುಲುಕಿ ಮೂರು ಗಂಟೆ ಇಟ್ಟು, ಮೇಲೆ ಕುಳಿತ ಹೂಳಿನ ಪದರವನ್ನು ಸ್ಕೇಲಿನಿಂದ ಅಳೆಯುತ್ತಿರುವ ನಿನ್ನ ಫೋಟೋ ನನ್ನ ಫೋನಿನಲ್ಲಿದೆ. ಪದರ ಶೇಕಡ 8ಕ್ಕಿಂತ ಹೆಚ್ಚಿತ್ತೆಂದು ಲಾರಿಯನ್ನು ವಾಪಸು ಕಳಿಸಿದೆ. ಅಂಥ ಮಗಳಿಗೆ ಭಾನುವಾರ ನಾನು ಆಡಿದ ಮಾತು ಬೇರೆಯದಾಗಿರಬೇಕಿತ್ತು.

ಆದರೂ ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕಿನ ವಿಷಯ ಬರೆಯದೆ ಬಿಡಲಾರೆ. ಕಂಬಿಯ ಕೆಳಗೆ ಜಲ್ಲಿ ಚೂರು ಇಟ್ಟರೆ ನಡೆಯುತ್ತದೆ ಎಂದು ನಿನ್ನ ಮೇಸ್ತ್ರಿ ಹೇಳುವುದು ಸುಳ್ಳಲ್ಲ, ಕಾಂಕ್ರೀಟ್ ಬೀಳುವವರೆಗೆ ನಡೆಯುತ್ತದೆ. ಹುಡುಗರು ಬಾಣಲೆ ಹಿಡಿದು ಕಂಬಿಯ ಮೇಲೆ ನಡೆದಾಡತೊಡಗಿದ ಮೇಲೆ ಆ ಚೂರುಗಳು ಹೊರಳಿ, ಕಂಬಿ ಕೆಳಗಿನ ಸೆಂಟ್ರಿಂಗ್ ಹಲಗೆಗೆ ತಾಗಿ ಕೂಡುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಗಾರೆ ಹಾಕಿ ಮುಚ್ಚುತ್ತಾರೆ, ಯಾರಿಗೂ ಕಾಣುವುದಿಲ್ಲ. ಸ್ಲ್ಯಾಬಿನ ಕಂಬಿಗೆ ಕೆಳಗಿನಿಂದ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ, ಬೀಮಿಗೆ 25, ಕಾಲಮ್ಮಿಗೆ 40, ಪಾಯದಲ್ಲಿ 50 ಎಂಬುದು ಸಾಧಾರಣ ವಾತಾವರಣಕ್ಕೆ ಹಾಕುವ ಲೆಕ್ಕ. ಸಮುದ್ರ ಹತ್ತಿರವಿದ್ದರೆ ಇನ್ನೂ ಹೆಚ್ಚು ಬೇಕು. ನಿನ್ನ ಡ್ರಾಯಿಂಗಿನಲ್ಲಿ ಎಷ್ಟು ಬರೆದಿದೆಯೋ ಅಷ್ಟು ದಪ್ಪದ ಬ್ಲಾಕುಗಳನ್ನೇ ಇಡಿಸಬೇಕು. ಬುಧವಾರ ಕಾಣಿಸಿಕೊಂಡ ನಮ್ಮ ಕಂಬಿಯ ಕೆಳಗೆ ಹೆಚ್ಚೆಂದರೆ 10 ಮಿಲಿಮೀಟರ್ ಇತ್ತೆಂದು ಎಂಜಿನಿಯರ್ ಹೇಳಿದರು. ಅಂದರೆ ನೀರೊಂದೇ ತಪ್ಪಲ್ಲ. ಇದನ್ನು ಕೇಳಿ ನನಗೆ ಒಂದು ಕ್ಷಣ ಸಮಾಧಾನವಾಯಿತು, ಆಮೇಲೆ ಕಂಬಿ ನೋಡುವ ಹೊಣೆಯೂ ಆವತ್ತು ನನ್ನದೇ ಆಗಿತ್ತೆಂದು ನೆನಪಾಯಿತು.

ಬಾಲ್ಕನಿಯ ಕಂಬಿಯನ್ನು ನೀನೇ ಹತ್ತಿ ನೋಡು. ಕೋಣೆಯ ಸ್ಲ್ಯಾಬಿನ ನಡುವೆ ಮುಖ್ಯ ಕಂಬಿ ಕೆಳಗಿರುತ್ತದೆ, ಹೊರಗೆ ಚಾಚಿದ ಬಾಲ್ಕನಿಯಲ್ಲಿಯೂ ಸಜ್ಜಾದಲ್ಲಿಯೂ ಅದು ಮೇಲ್ಭಾಗದಲ್ಲಿರಬೇಕು, ಒಳಗಿನ ಸ್ಲ್ಯಾಬಿನವರೆಗೂ ಹೋಗಿರಬೇಕು. ನಾಲ್ಕು ಜನ ತುಳಿದು ಅದು ಕೆಳಗೆ ಕುಸಿದರೆ ಮೇಲಿನಿಂದ ಬಾಲ್ಕನಿಗೆ ಆಧಾರವೇ ಇಲ್ಲದಂತಾಗುತ್ತದೆ. ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಕುರ್ಚಿ ಕಂಬಿಗಳನ್ನು ಇಡಿಸು, ನಡೆದಾಡಲು ಹಲಗೆ ಹಾಸಿಸು. ಕಾಂಕ್ರೀಟ್ ಬೀಳುವ ಮೊದಲು ಎಂಜಿನಿಯರ್ ನೋಡಿ ಸಹಿ ಹಾಕಲಿ. ಫೋನಿನಲ್ಲಿ ‘ಹಾಕಿ, ಏನೂ ತೊಂದರೆಯಿಲ್ಲ’ ಎನ್ನುವುದನ್ನು ಒಪ್ಪಬೇಡ.

ಮೋಲ್ಡ್ ಮುಗಿದ ಮಾರನೆಯ ದಿನದಿಂದ ಎಲ್ಲರೂ ಮಾಯವಾಗುತ್ತಾರೆ. ಕಲಸುವಾಗ ಪೈಪು ಬಿಟ್ಟ ಅದೇ ಜನ, ಗಟ್ಟಿಯಾದ ಮೇಲೆ ಸ್ಲ್ಯಾಬಿಗೆ ನೀರು ಕೊಡಲು ಜಿಪುಣರಾಗುತ್ತಾರೆ. ಪಾತಿ ಕಟ್ಟಿ ನೀರು ನಿಲ್ಲಿಸಬೇಕು, ಬೀಮು ಕಾಲಮ್ಮುಗಳಿಗೆ ಗೋಣಿ ಸುತ್ತಿ ಒದ್ದೆಯಾಗಿಡಬೇಕು. ಏಳು ದಿನ ಎಂಬುದು ತೀರಾ ಕನಿಷ್ಠ, ಹಾರುಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ ಹತ್ತು, ಬಿಸಿಲು ಗಾಳಿ ಜೋರಾಗಿದ್ದರೆ ಹದಿನಾಲ್ಕು. ಹಗಲೆಲ್ಲ ಒಣಗಿಸಿ ಸಂಜೆ ಒಮ್ಮೆ ನೀರು ಚಿಮುಕಿಸುವುದು ಕ್ಯೂರಿಂಗ್ ಅಲ್ಲ. ಕಾಂಕ್ರೀಟ್ ತನ್ನ 28 ದಿನದ ಬಲದ ಸುಮಾರು ಮೂರನೆಯ ಎರಡು ಭಾಗವನ್ನು ಮೊದಲ ಏಳು ದಿನದಲ್ಲೇ ಗಳಿಸುತ್ತದೆ, ಆ ವಾರ ಅದು ಬಾಯಾರಿದರೆ ಆಮೇಲೆ ಎಷ್ಟು ಹೊಯ್ದರೂ ಪೂರ್ತಿ ಫಲವಿಲ್ಲ. ಸೆಂಟ್ರಿಂಗ್ ಬಾಡಿಗೆ ಏರುತ್ತಿದೆ ಎಂದು ಅವಸರಪಡಿಸುತ್ತಾರೆ. ಸಣ್ಣ ಕೋಣೆಯ ಸ್ಲ್ಯಾಬಿಗೆ ಏಳು ದಿನ, ದೊಡ್ಡ ಹಾಲಿಗೂ ಬೀಮುಗಳಿಗೂ ಹದಿನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಂಬ ರೂಢಿಯಿದೆ. ನಿನ್ನ ಎಂಜಿನಿಯರ್ ಹೇಳದೆ ಕೆಳಗೆ ಆಸರೆಗಿಟ್ಟ ಒಂದು ಜಾಕಿಯನ್ನೂ ತೆಗೆಯಲು ಬಿಡಬೇಡ. ಬಾಲ್ಕನಿಯ ಜಾಕಿಗಳನ್ನು ಹೊರ ತುದಿಯಿಂದ ಒಳಗಿನ ಕಡೆಗೆ ಸಡಿಲಿಸುತ್ತಾ ಬರಬೇಕು.

ಹಣದ ವಿಷಯದಲ್ಲಿ ನೀನು ನನಗಿಂತ ಗಟ್ಟಿ, ಹೆಚ್ಚು ಬರೆಯುವುದಿಲ್ಲ. ಕೆಲಸಕ್ಕಿಂತ ಹಣ ಮುಂದೆ ಹೋಗದಿರಲಿ. ಕೊನೆಯಲ್ಲಿ ಶೇಕಡ 5ರಿಂದ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಮಾತು ಕರಾರಿನಲ್ಲೇ ಇರಲಿ. ಕಿಟಕಿ ಇಲ್ಲಿ ಬೇಡ, ಅಲ್ಲಿ ಇರಲಿ ಎಂದು ಗೋಡೆ ಎದ್ದ ಮೇಲೆ ಬಾಯಿಮಾತಿನಲ್ಲಿ ಹೇಳಿದ ಪ್ರತಿಯೊಂದೂ ಕೊನೆಯ ಬಿಲ್ಲಿನಲ್ಲಿ ಬೇರೆಯೇ ವೇಷ ತೊಟ್ಟು ಬರುತ್ತದೆ, ಆದ್ದರಿಂದ ಬದಲಾವಣೆಗಳನ್ನು ದರದ ಸಮೇತ ಬರೆದಿಡು. ಗಾರೆ ಹಾಕುವ ಮೊದಲು ಪ್ರತಿ ಗೋಡೆಯ ಪೈಪು, ವೈರಿನ ಕೊಳವೆಗಳ ಫೋಟೋವನ್ನು ಪಕ್ಕದಲ್ಲಿ ಟೇಪು ಹಿಡಿದು ತೆಗೆದುಕೊ. ಹತ್ತು ವರ್ಷದ ನಂತರ ಮೊಳೆ ಹೊಡೆಯುವಾಗ ನನ್ನನ್ನು ನೆನೆಯುತ್ತೀಯ. ಬಚ್ಚಲಿಗೆ ಟೈಲ್ಸ್ ಹಾಕುವ ಮುಂಚೆ ಕಿಂಡಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡಬೇಕು. ತಾರಸಿಗೆ ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಬೇಕು. ಇವೆಲ್ಲ ಮತ್ತೆ ನೀರಿನ ಮಾತೇ ಆದವು. ನನಗೆ ಬೇರೆ ಏನೂ ಹೊಳೆಯುತ್ತಿಲ್ಲ.

ನಿನ್ನ ಅಪ್ಪನಿಗೆ ಈ ಭಾನುವಾರ ಹೇಳುತ್ತೇನೆ. ಅವರು ಕೋಪಿಸಿಕೊಳ್ಳುವುದಿಲ್ಲ, ‘ಇಷ್ಟೇನಾ’ ಎನ್ನುತ್ತಾರೆ, ಅದನ್ನು ಸಹಿಸುವುದೇ ನನಗೆ ಕಷ್ಟ. ನೀನು ಮಳೆಗಾಲದ ರಾತ್ರಿಗಳಲ್ಲಿ ಹಾಸಿಗೆಯನ್ನು ಗೋಡೆಯಿಂದ ಗೋಡೆಗೆ ಎಳೆದುಕೊಂಡು ಮಲಗುತ್ತಿದ್ದಾಗ, ಮೇಸ್ತ್ರಿ ಸರಿಯಿರಲಿಲ್ಲ ಎಂದು ನಾನು ಬೈಯುತ್ತಿದ್ದುದು ನಿನ್ನ ಕಿವಿಗೆ ಬಿದ್ದಿರುತ್ತದೆ. ಹಾಗೆ ಬೈದ ಪ್ರತಿ ಸಲವೂ ನನ್ನ ಬಲಗೈ ನನಗೆ ನೆನಪಾಗುತ್ತಿತ್ತು. ನಿನ್ನ ಸೈಟಿನಲ್ಲಿ ಭಾನುವಾರ ಆ ಕೈಯನ್ನು ಇಳಿಸದಿರಬೇಕೆಂದು ಹೋಗಿ, ಅದು ನನ್ನ ಮನೆಯಲ್ಲ, ನಿನ್ನ ಮನೆ ಎಂಬುದನ್ನು ಮರೆತೆ.

ಈ ಪತ್ರದೊಡನೆ ಅಪ್ಪ ಒಂದು ಬಕೆಟ್ಟನ್ನೂ ತರುತ್ತಾರೆ. ಹಳೆಯದಲ್ಲ, ಹೊಸದು. ಅಡುಗೆಮನೆಯ ಲೀಟರ್ ಅಳತೆಯಿಂದ ನೀರು ತುಂಬಿ, ಹನ್ನೆರಡೂವರೆ ಲೀಟರ್ ಆದಲ್ಲಿ ಒಳಗಡೆ ಸುತ್ತಲೂ ಕೆಂಪು ಬಣ್ಣದ ಗೆರೆ ಎಳೆದಿದ್ದೇನೆ. ಎರಡು ಸಲ ಒಣಗಿಸಿ ಎರಡು ಸಲ ಬಳಿದಿದ್ದೇನೆ, ನೀರಿಗೆ ಹೋಗುವುದಿಲ್ಲ. ನಿನ್ನ ಎಂಜಿನಿಯರ್ ಬೇರೆ ಲೆಕ್ಕ ಕೊಟ್ಟಿದ್ದರೆ ಅದರ ಕೆಳಗೆ ಇನ್ನೊಂದು ಗೆರೆ ಎಳೆದುಕೊ. ಮೋಲ್ಡಿನ ದಿನ ನಾನು ಬರುವುದು ಬೇಡವೆನಿಸಿದರೆ ಫೋನ್ ಮಾಡಿ ಹೇಳು, ಬರುವುದಿಲ್ಲ. ಬರಬಹುದು ಎಂದಾದರೆ, ಮೇಸ್ತ್ರಿಯೊಡನೆ ಒಂದು ಮಾತನ್ನೂ ಆಡದೆ ಮಿಕ್ಸರಿನ ಪಕ್ಕದಲ್ಲಿ ಕುಳಿತು ಗೀಟು ಹಾಕುತ್ತೇನೆ. ನೋಟ್‌ಬುಕ್ಕಿನಲ್ಲಿ 63ರ ನಂತರ ಇನ್ನೂ ಬಹಳ ಹಾಳೆಗಳಿವೆ.

ನಿನ್ನ
ಅಮ್ಮ